ಇಸ್ತ್ರಿಯವಳು ತೊಟ್ಟ ಕೋಟು

೧೧ ಫೆಬ್ರವರಿ ೧೯೯೬

ಪ್ರೀತಿಯ ಗೋಚಿ,

ಕಾದಂಬರಿ ಅರ್ಧಕ್ಕೆ ಬಂದು ಕೂತುಬಿಟ್ಟಿದೆ. ನಾಯಕಿಯನ್ನು ಲೈಬ್ರರಿಯ ಮೆಟ್ಟಿಲು ಇಳಿಸಿ, ಹಿಂದಿನ ಓಣಿಗೆ ತಿರುಗಿಸಿ, ಅಲ್ಲೇ ನಿಲ್ಲಿಸಿ ಮೂರು ವಾರವಾಯಿತು. ಪಾಪ, ಅವಳಿಗೆ ಕಾಲು ನೋಯುತ್ತಿರಬೇಕು. ಮುಂದೆ ಅವಳ ಕಣ್ಣಿಗೆ ಏನು ಬೀಳಬೇಕೋ ನನಗೇ ಗೊತ್ತಿಲ್ಲ. ಊರು ಬಿಟ್ಟು ಹತ್ತೊಂಬತ್ತು ವರ್ಷವಾದವಳಿಗೆ ಹೇಗೆ ಗೊತ್ತಿರಬೇಕು?

ಹಾಗಾಗಿ ಎಂದಿನಂತೆ ನಿನಗೆ ಕೆಲಸ. ಆ ಓಣಿಯಲ್ಲಿ ಈಗ ಯಾವ ಯಾವ ಅಂಗಡಿಗಳಿವೆ? ಬಾಗಿಲುಗಳ ಬಣ್ಣ ಏನು? ಸಂಜೆ ಐದಕ್ಕೆ ಬಿಸಿಲು ಯಾವ ಗೋಡೆಯ ಮೇಲೆ ಬೀಳುತ್ತದೆ? ಯಾರು ಎಲ್ಲಿ ಕೂರುತ್ತಾರೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ? ಹಿಂದಿನ ಮೂರೂ ಕಾದಂಬರಿಗೆ ಬರೆದ ಹಾಗೆ ಎಲ್ಲ ಬರೆ. ಫೋನು ಬೇಡ. ಫೋನಿನಲ್ಲಿ ಕೇಳಿದ್ದು ನಾನು ಮೇಜಿನ ಹತ್ತಿರ ಬರುವಷ್ಟರಲ್ಲಿ ಆವಿಯಾಗಿರುತ್ತದೆ. ಬರೆದೇ ಕಳಿಸು. ನಿನಗೇನು, ಕಿಟಕಿ ತೆಗೆದರೆ ಸಾಕು.

ಮೊನ್ನೆ ಪತ್ರಿಕೆಯವರೊಬ್ಬರು ಬಂದಿದ್ದರು. "ಊರನ್ನ ಇಷ್ಟು ಚೆನ್ನಾಗಿ ಹೇಗೆ ನೆನಪಿಟ್ಟುಕೊಂಡಿದ್ದೀರಿ?" ಅಂತ ಕೇಳಿದರು. ನಕ್ಕು, ಕಾಫಿ ತರಲು ಎದ್ದುಹೋದೆ.

ಬೇಗ ಬರೆ.
ನಿನ್ನ ಅಕ್ಕ


೨೬ ಫೆಬ್ರವರಿ ೧೯೯೬

ಅಕ್ಕ,

ನನಗೆ ನಲವತ್ತೊಂಬತ್ತು ಆಯಿತು. ಚಿಕ್ಕವಳಿದ್ದಾಗ ನಿನ್ನ ಹಿಂದೆ ಹಿಂದೆ ಸುತ್ತಿದೆನೆಂದು ಬಾಲಂಗೋಚಿ ಅಂತ ಹೆಸರಿಟ್ಟೆ, ಸರಿ. ಆದರೆ ಗಾಳಿಪಟ ಹಾರಿಹೋಗಿ ಇಷ್ಟು ವರ್ಷವಾದ ಮೇಲೂ ಗೋಚಿ ಅನ್ನುತ್ತೀಯಲ್ಲ!

ನೀನು ಕೇಳಿದ್ದು: ಓಣಿಯಲ್ಲಿ ಒಂದು ಕ್ಷೌರದಂಗಡಿ, ಒಂದು ಕಾಗದ ಪೆನ್ಸಿಲ್ಲಿನ ಅಂಗಡಿ, ಬೀಗ ಹಾಕಿದ ಒಂದು ಗೋದಾಮು. ಗೋದಾಮಿನ ಬಾಗಿಲು ನೀಲಿ. ಅಲ್ಲ, ಬೂದು, ಈಗ ಕಿಟಕಿಯಿಂದ ಬಗ್ಗಿ ನೋಡಿದೆ. ಕ್ಷೌರದವನಿಗೂ ಪೆನ್ಸಿಲ್ಲಿನವನಿಗೂ ಚರಂಡಿ ವಿಷಯಕ್ಕೆ ಜಗಳ. ಬಿಸಿಲು ಗೋದಾಮಿನ ಗೋಡೆಯ ಮೇಲೆ ಬೀಳುತ್ತದೆ. ಅಷ್ಟೇ.

ಇನ್ನು ನನ್ನ ಸುದ್ದಿ. ಮುಂದಿನ ವರ್ಷ ಲೈಬ್ರರಿಗೆ ಐವತ್ತು ತುಂಬುತ್ತದೆ. ಕಮಿಟಿಯ ಅಧ್ಯಕ್ಷರು, ಅದೇ ನಮಗೆ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದ ಮೇಷ್ಟ್ರು, 'ನಮ್ಮ ಭಾಗದ ಲೇಖಕರು' ಅಂತ ಒಂದು ಪುಸ್ತಕ ತರಬೇಕೆಂದು ಹಟ ಹಿಡಿದಿದ್ದಾರೆ. ಯಾರು ಎಲ್ಲಿ ಹುಟ್ಟಿದರು, ಯಾವ ಬೀದಿಯಲ್ಲಿ ಬಾಳಿದರು, ಎಲ್ಲಿ ಕೂತು ಬರೆದರು, ಎಲ್ಲ ಸೇರಬೇಕು. ಬರೆಯುವ ಕೆಲಸ ಲೈಬ್ರರಿಯನ್ ಅನ್ನಿಸಿಕೊಂಡ ನನ್ನ ತಲೆಗೆ ಬಿದ್ದಿದೆ. ನಿಯಮ ಎರಡೇ: ಲೇಖಕರು ಇಲ್ಲಿ ಹತ್ತು ವರ್ಷವಾದರೂ ಇದ್ದಿರಬೇಕು, ಒಂದಾದರೂ ಪುಸ್ತಕ ಅಚ್ಚಾಗಿರಬೇಕು. ಹನ್ನೊಂದು ಜನ ಸಿಕ್ಕಿದ್ದಾರೆ. ಹಳೇ ಫಾರಂಗಳ ಬೆನ್ನ ಮೇಲೆ ಪದ್ಯ ಬರೆಯುತ್ತಿದ್ದ ಪೋಸ್ಟಾಫೀಸಿನ ಕವಿ ಇದ್ದಾರೆ. ಅವರ ಎದುರು ಮನೆಯಲ್ಲೇ ಇದ್ದು ಮೂವತ್ತು ವರ್ಷ ಅವರ ಜೊತೆ ಮಾತಾಡದ, ಔಷಧಿ ಅಂಗಡಿಯ ನಾಟಕಕಾರರೂ ಇದ್ದಾರೆ. ಎಲ್ಲರಿಗೂ ಒಂದೊಂದು ಪುಟ. ನಿನಗೆ ಮೂರು.

ನನಗೆ ಇಲ್ಲ. ನನ್ನ ಬೀರುವಿನ ವಿಷಯ ನಿನಗೆ ಗೊತ್ತೇ ಇದೆ.

ತಂಗಿ


೧೫ ಮಾರ್ಚ್ ೧೯೯೬

ಗೋಚಿ,

ಇದೇನೇ ಇದು, ಪಂಚನಾಮೆ ಬರೆದ ಹಾಗಿದೆ! ಒಂದು ಕ್ಷೌರದಂಗಡಿ, ಒಂದು ಗೋದಾಮು. ನಿನ್ನ ಕಣ್ಣಿಗೆ ಏನಾಯಿತು? ನನಗೆ ಬಾಗಿಲು ಸಾಲದು, ಮನುಷ್ಯರು ಬೇಕು. ಒಬ್ಬಳಾದರೂ ಬೇಕು. ನಾಯಕಿ ಇನ್ನೂ ಓಣಿಯಲ್ಲೇ ನಿಂತಿದ್ದಾಳೆ.

ಮೂರು ಪುಟ ಅಂದೆಯಲ್ಲ, ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳು. ಬರೆಯುವಾಗ ನಮ್ಮ ಮಹಡಿ ಕೋಣೆಯ ಕಿಟಕಿ ಪಕ್ಕದ ಮೇಜಿನ ವಿಷಯ ಮರೆಯಬೇಡ. ನನ್ನ ಮೊದಲ ಕಥೆ ಬರೆದದ್ದು ಆ ಮೇಜಿನ ಮೇಲೆ. ಓದುವವರಿಗೆ ಇಂಥದ್ದೆಲ್ಲ ಇಷ್ಟವಾಗುತ್ತದೆ. ಮೇಜು ಇನ್ನೂ ಇದೆ ತಾನೇ?

ಬೀರುವಿನ ಮಾತು ಈಗ ಯಾಕೆ? ಪುಸ್ತಕ ಬರುವುದು ಹೋಗುವುದು ದೊಡ್ಡ ವಿಷಯವಲ್ಲ. ನೀನು ನೆಮ್ಮದಿಯಾಗಿದ್ದೀಯ. ಅದು ಎಲ್ಲರಿಗೂ ಸಿಗುವುದಿಲ್ಲ.

ಅಕ್ಕ


೨ ಏಪ್ರಿಲ್ ೧೯೯೬

ಅಕ್ಕ,

ಹೋದ ಸಲ ಒಬ್ಬಳ ವಿಷಯ ಬರೆಯುವುದು ಮರೆತಿದ್ದೆ. ಲೈಬ್ರರಿಯ ಹಿಂಬಾಗಿಲಿಗೆ ಅಂಟಿಕೊಂಡ ಹಾಗೆ ಒಂದು ಇಸ್ತ್ರಿ ಅಂಗಡಿ ಇದೆ. ನಡೆಸುವವಳು ನಲವತ್ತರ ಆಸುಪಾಸಿನ ಒಂಟಿ ಹೆಂಗಸು. ಊರಿನ ಒಳ್ಳೊಳ್ಳೆ ಬಟ್ಟೆಯೆಲ್ಲ ಅವಳ ಕೈಯಲ್ಲಿ ಹಾದುಹೋಗುತ್ತದೆ. ಮಂಗಳವಾರ ಕೊಟ್ಟರೆ ಗುರುವಾರ ವಾಪಸ್ಸು. ನಡುವೆ ಬುಧವಾರ ಏನಾಗುತ್ತದೆ ಗೊತ್ತೇ? ಬುಧವಾರ ಅವಳು ಅವನ್ನು ತೊಟ್ಟುಕೊಳ್ಳುತ್ತಾಳೆ.

ಸಂಜೆ ಐದಕ್ಕೆ ಪೆಟ್ಟಿಗೆಯ ಕೆಂಡ ಆರಿಸಿ, ಮುಖ ತೊಳೆದು, ಯಾರದೋ ಕೋಟು ಯಾರದೋ ಶಾಲು ಹಾಕಿಕೊಂಡು ರೈಲು ನಿಲ್ದಾಣದವರೆಗೆ ನಡೆದುಹೋಗುತ್ತಾಳೆ. ಅಲ್ಲಿ ಯಾರನ್ನೋ ಕರೆದುಕೊಳ್ಳಲು ಬಂದವಳಂತೆ ಹತ್ತು ನಿಮಿಷ ನಿಂತು ವಾಪಸ್ಸು ಬರುತ್ತಾಳೆ. ಊರಿಗೆಲ್ಲ ಗೊತ್ತು. ಯಾರೂ ಕೇಳುವುದಿಲ್ಲ. ಅವಳಷ್ಟು ನೇರವಾಗಿ ಮಡಿಕೆ ಕೂರಿಸುವವರು ಬೇರೆ ಯಾರೂ ಇಲ್ಲ.

ಹೋದ ಬುಧವಾರ ಡಾಕ್ಟರ ಹೆಂಡತಿಯ ಹಸಿರು ಉಣ್ಣೆ ಕೋಟು ತೊಟ್ಟು ಹೊರಟಿದ್ದಾಳೆ. ಎದುರಿಗೆ ಡಾಕ್ಟರ ಹೆಂಡತಿಯೇ ಬಂದರು! ಇಬ್ಬರೂ ನಿಂತರು. ಡಾಕ್ಟರ ಹೆಂಡತಿ ಕಾಲರಿನಿಂದ ಗುಂಡಿಯವರೆಗೆ ಒಮ್ಮೆ ನೋಡಿ, "ಈ ಬಣ್ಣ ನಿಮಗೆ ತುಂಬಾ ಒಪ್ಪುತ್ತೆ ಕಣ್ರೀ" ಅಂದರು. ಇವಳು, "ಎಲ್ಲರೂ ಹಾಗೇ ಅಂತಾರೆ" ಅಂದಳು.

ಗುರುವಾರ ಕೋಟು ಮನೆ ಸೇರಿತು. ಡಾಕ್ಟರ ಹೆಂಡತಿ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತು ನೋಡಿಕೊಂಡರಂತೆ. ಅಷ್ಟು ಒಪ್ಪಲಿಲ್ಲವಂತೆ. ಮುಂದಿನ ಮಂಗಳವಾರ ಮತ್ತೆ ಇಸ್ತ್ರಿಗೆ ಕೊಟ್ಟರು. ಕೋಟಿನಲ್ಲಿ ಒಂದು ಸುಕ್ಕೂ ಇರಲಿಲ್ಲ.

ಇವಳು ಸಾಕಾಗುತ್ತಾಳೋ ನೋಡು.

ತಂಗಿ


೨೦ ಏಪ್ರಿಲ್ ೧೯೯೬

ಸಾಕು. ಬರೆಯಲು ಕೂತಿದ್ದೇನೆ. ಇನ್ನು ಸ್ವಲ್ಪ ದಿನ ಪತ್ರ ಬರೆಯಬೇಡ, ನಾನೂ ಬರೆಯುವುದಿಲ್ಲ.

ಅಕ್ಕ


೪ ನವೆಂಬರ್ ೧೯೯೬

ಅಕ್ಕ,

ಸ್ವಲ್ಪ ದಿನ ಅಂದವಳು ಏಳು ತಿಂಗಳು ಮಾಡಿದೆ. ಚೆನ್ನಾಗಿದ್ದೀಯ ತಾನೇ? ಅಷ್ಟು ತಿಳಿದರೆ ಸಾಕೆಂದು ಈ ಕಾರ್ಡು.

ಲೇಖಕರ ಪುಸ್ತಕದ ಮಾದರಿ ಪುಟಗಳು ಬಂದಿವೆ. ಕವಿಯ ಸೋದರಳಿಯ ಲೈಬ್ರರಿಗೆ ಬಂದು, ಜೇಬಿನಿಂದ ಸ್ಕೇಲು ತೆಗೆದು ಅಳೆದು, "ನಾಟಕದವರ ಫೋಟೋ ನಮ್ಮ ಮಾವನದಕ್ಕಿಂತ ಅರ್ಧ ಇಂಚು ದೊಡ್ಡದಾಯ್ತಲ್ಲ ಮೇಡಂ?" ಅಂತ ಜಗಳಕ್ಕೆ ನಿಂತ. ಇಬ್ಬರೂ ತೀರಿಕೊಂಡು ಎಷ್ಟೋ ವರ್ಷವಾಯಿತು. ಹೊಟ್ಟೆಕಿಚ್ಚಿಗೆ ಮಾತ್ರ ಇನ್ನೂ ಸಾವು ಬಂದಿಲ್ಲ. ನಾನು ನಗಬೇಕಿತ್ತು. ನಗು ಬರಲಿಲ್ಲ.

ತಂಗಿ


೮ ಜೂನ್ ೧೯೯೭

ಪ್ರೀತಿಯ ಗೋಚಿ,

ಇದರ ಜೊತೆಗಿರುವ ಪುಸ್ತಕ ನಿನ್ನದು. 'ಹಸಿರು ಕೋಟು.' ಎರಡು ತಿಂಗಳಲ್ಲಿ ಎರಡನೇ ಮುದ್ರಣಕ್ಕೆ ಹೋಯಿತು. ನಿನ್ನೆ ವರ್ಷದ ದೊಡ್ಡ ಬಹುಮಾನವೂ ಇದಕ್ಕೇ ಬಂತು. ಇಷ್ಟು ದಿನ ಬರೆಯಲಿಲ್ಲವೆಂದು ಸಿಟ್ಟು ಮಾಡಿಕೊಳ್ಳಬೇಡ. ಒಮ್ಮೊಮ್ಮೆ ಬರೆಯಲು ಕೂತು ಎದ್ದುಬಿಟ್ಟಿದ್ದೇನೆ.

ಅರ್ಪಣೆ ನೋಡು: 'ನಾನು ಹುಟ್ಟಿ ಬೆಳೆದ ಊರಿಗೆ.' ಎಲ್ಲರಿಗೂ ಅದು ಹಿಡಿಸಿದೆ. ಓದಿ ಹೇಗನ್ನಿಸಿತು ಬರೆ.

ಅಕ್ಕ


೩ ಜುಲೈ ೧೯೯೭

ಅಕ್ಕ,

ಓದಿದೆ. ಎರಡು ಸಲ ಓದಿದೆ. ಹೇಗನ್ನಿಸಿತು ಅಂತ ಕೇಳಿದೆಯಲ್ಲ, ಹೊಟ್ಟೆ ಉರಿಯಿತು. ಸುತ್ತಿಬಳಸಿ ಹೇಳುವ ವಯಸ್ಸು ನನ್ನದಲ್ಲ.

ಅವಳು ಇಲ್ಲ. ಆ ಇಸ್ತ್ರಿಯವಳು ಇಲ್ಲವೇ ಇಲ್ಲ. ಲೈಬ್ರರಿಯ ಹಿಂಬಾಗಿಲಿಗೆ ಅಂಟಿಕೊಂಡಿರುವುದು ಸೈಕಲ್ ನಿಲ್ಲಿಸುವ ತಗಡಿನ ಶೆಡ್ಡು. ನಿನ್ನ 'ನೆಮ್ಮದಿಯಾಗಿದ್ದೀಯ' ಪತ್ರ ಓದಿದ ಸಿಟ್ಟಿನಲ್ಲಿ ಅವಳನ್ನು ನಾನು ಹುಟ್ಟಿಸಿದೆ. ಬೇಕೆಂದೇ ಹುಟ್ಟಿಸಿದೆ. ನೀನು ನಂಬಿ ಬರೆಯುತ್ತೀಯ, ಊರಿನವರು ಓದಿ, "ಇದ್ಯಾವ ಇಸ್ತ್ರಿ ಅಂಗಡಿ?" ಅಂತ ನಗುತ್ತಾರೆ, ಊರನ್ನು ಅಂಗೈಯಲ್ಲಿಟ್ಟುಕೊಂಡ ಲೇಖಕಿಗೆ ಊರೇ ಗೊತ್ತಿಲ್ಲವೆಂದು ಬಯಲಾಗುತ್ತದೆ ಅಂದುಕೊಂಡಿದ್ದೆ. ಅಂಥ ತಂಗಿ ನಾನು. ತಿಳಿದುಕೋ.

ಆದರೆ ಆದದ್ದೇ ಬೇರೆ. ವಾರಕ್ಕೆ ಎರಡು ಗುಂಪು ಜನ ನಿನ್ನ ಪುಸ್ತಕ ಹಿಡಿದುಕೊಂಡು ಲೈಬ್ರರಿಗೆ ಬರುತ್ತಾರೆ. "ಇಸ್ತ್ರಿ ಅಂಗಡಿ ಎಲ್ಲಿತ್ತು?" ಅಂತ ಕೇಳುತ್ತಾರೆ. ನಾನು ಬಾಯಿ ತೆಗೆಯುವ ಮೊದಲೇ ಡ್ರಾಯಿಂಗ್ ಮೇಷ್ಟ್ರು ಅವರನ್ನು ಸೈಕಲ್ ಶೆಡ್ಡಿಗೆ ಕರೆದುಕೊಂಡು ಹೋಗುತ್ತಾರೆ. "ಇಲ್ಲೇ ಇತ್ತು ನೋಡಿ. ನನ್ನ ಕೋಟೂ ಅವಳ ಹತ್ತಿರವೇ ಕೊಡ್ತಾ ಇದ್ದೆ. ಪಾಪ, ಒಳ್ಳೇ ಹೆಂಗಸು. ಕೈ ಬಹಳ ಚೊಕ್ಕ" ಅನ್ನುತ್ತಾರೆ. ಹಾಗನ್ನುವಾಗ ಅವರ ಕಣ್ಣು ತೇವವಾಗುತ್ತದೆ ಅಕ್ಕ, ನಾನೇ ನೋಡಿದೆ. ಕ್ಷೌರದವನಂತೂ ಅವಳು ತನಗೆ ದೂರದ ಸಂಬಂಧ ಅನ್ನುತ್ತಿದ್ದಾನೆ. ಮೊನ್ನೆ ಡಾಕ್ಟರ ಹೆಂಡತಿ ಬಂದು ನನ್ನ ಮೇಜಿನ ಮುಂದೆ ನಿಂತು, "ಕೋಟು ಹಸಿರಲ್ಲ ಕಣ್ರೀ, ನೀಲಿ. ಬರೆಯೋರು ಸ್ವಲ್ಪ ಬದಲಾಯಿಸ್ತಾರೆ, ಏನು ಮಾಡೋದು" ಅಂದರು.

ವಿಮರ್ಶೆಗಳನ್ನೆಲ್ಲ ಕತ್ತರಿಸಿ ಫೈಲು ಮಾಡುವುದೂ ನನ್ನ ಕೆಲಸ. ಎಲ್ಲರೂ ಹೊಗಳುವುದು ಒಂದನ್ನೇ: 'ಕಣ್ಣಾರೆ ಕಂಡವರಷ್ಟೇ ಬರೆಯಬಲ್ಲ ಹೆಂಗಸು.' ಕನ್ನಡಿಯ ಮುಂದೆ ಡಾಕ್ಟರ ಹೆಂಡತಿ ನಿಲ್ಲುವ ಸಾಲನ್ನು ನೀನು ಒಂದು ಅಕ್ಷರವೂ ಬದಲಾಯಿಸದೆ ಇಳಿಸಿದ್ದೀಯ. ಅದನ್ನು ನಾಲ್ಕು ಪತ್ರಿಕೆಗಳು ಎತ್ತಿ ಬರೆದಿವೆ. ನಾಲ್ಕನ್ನೂ ನಾನೇ ಗೋಂದು ಹಚ್ಚಿ ಅಂಟಿಸಿದೆ.

ಆ ಮೇಜಿನ ವಿಷಯ. ಅದು ಇದೆ. ಅದು ನನ್ನದು. ಲೆಕ್ಕದಲ್ಲಿ ತರಗತಿಗೆ ಮೊದಲು ಬಂದೆನೆಂದು ಅಪ್ಪ ನನಗೆ ಮಾಡಿಸಿಕೊಟ್ಟದ್ದು. ನಿನ್ನ ಮೊದಲ ಕಥೆ ಬರೆಯಲು ನನ್ನನ್ನು ಎಬ್ಬಿಸಿ ನೀನು ಕೂತೆ. ನಾನು ನೆಲದ ಮೇಲೆ ಕೂತು ಲೆಕ್ಕ ಮಾಡಿದೆ.

ನೀನು ಊರು ಬಿಟ್ಟ ದಿನ ನನ್ನ ಆರು ಕಥೆಗಳನ್ನು ನಿನ್ನ ಕೈಗೆ ಕೊಟ್ಟಿದ್ದೆ. ಒಂದು ತಿಂಗಳಾದ ಮೇಲೆ ವಾಪಸ್ಸು ಬಂದವು, ಮೇಲೆ ನಿನ್ನ ಒಂದು ಸಾಲು: 'ಇನ್ನೊಂದು ವರ್ಷ ಬೀರುವಿನಲ್ಲಿಡು.' ನೀನು ದೊಡ್ಡವಳು, ನಿನಗೆ ಗೊತ್ತು ಅಂದುಕೊಂಡು ಇಟ್ಟೆ. ಇಪ್ಪತ್ತು ವರ್ಷವಾಯಿತು. ಬಾಗಿಲು ತೆಗೆದಿಲ್ಲ.

ಲೇಖಕರ ಪುಸ್ತಕ ಸೆಪ್ಟೆಂಬರ್ ಕೊನೆಗೆ ಅಚ್ಚಿಗೆ ಹೋಗುತ್ತದೆ. ನಿನ್ನ ಮೂರು ಪುಟಕ್ಕೆ 'ಹಸಿರು ಕೋಟು' ಸೇರಿಸಬೇಕಂತೆ. ಏನು ಬರೆಯಲಿ? ನೀನೇ ಹೇಳು. ಹೇಳಿದ ಹಾಗೆ ಬರೆಯುತ್ತೇನೆ. ರೂಢಿಯಾಗಿದೆ.

ತಂಗಿ


೧೯ ಆಗಸ್ಟ್ ೧೯೯೭

ತಂಗಿ,

ಈ ಪತ್ರ ನಾಲ್ಕು ಸಲ ಹರಿದೆ. ಇದು ಐದನೆಯದು. ಚಿತ್ತು ಕಾಟು ಎಷ್ಟಿದೆ ನೋಡು.

ಅವಳು ಇಲ್ಲವೆಂದು ನನಗೆ ಗೊತ್ತಿತ್ತು. ಮೊದಲ ದಿನವೇ ಗೊತ್ತಾಯಿತು. ನೀನು ನಿಜ ಬರೆಯುವಾಗ 'ನೀಲಿ, ಅಲ್ಲ, ಬೂದು' ಅಂತ ತಡವರಿಸುತ್ತೀಯ, ಸಾಲು ಓರೆಯಾಗುತ್ತದೆ, ಅಂಚಿನಲ್ಲೆಲ್ಲ ಇರುವೆ ಸಾಲಿನ ಹಾಗೆ ತಿದ್ದುಪಡಿ. ಆ ಎರಡು ಪುಟದಲ್ಲಿ ಒಂದೇ ಒಂದು ಕಾಟು ಇರಲಿಲ್ಲ. ಚಿಕ್ಕಂದಿನಲ್ಲಿ ದೀಪದ ಗಾಜು ಒಡೆದು ಅಪ್ಪನ ಮುಂದೆ ನಿಂತು, ಬೆಕ್ಕು ಯಾವ ಕಡೆಯಿಂದ ಬಂತು, ಯಾವ ಕಾಲು ಮೊದಲು ಇಟ್ಟಿತು ಅಂತ ಒಂದೇ ಉಸಿರಿನಲ್ಲಿ ಹೇಳಿದ್ದೆಯಲ್ಲ, ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಅಪ್ಪ ನಂಬಿದರು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಾ, ಇವಳಿಗೆ ಇದು ಹೇಗೆ ಬರುತ್ತದೆ ಅಂತ ಹಲ್ಲು ಕಚ್ಚಿದ್ದೆ. ಆಗ ನನಗೆ ಹನ್ನೆರಡು.

ಗೊತ್ತಿದ್ದೂ ತೆಗೆದುಕೊಂಡೆ. ಆ ಪುಟಗಳನ್ನು ಮೇಜಿನ ಮೇಲಿಟ್ಟುಕೊಂಡು ಮೂರು ದಿನ ಒಂದು ಸಾಲೂ ಬರೆಯಲಾಗಲಿಲ್ಲ. ಆ ಕನ್ನಡಿಯ ಸಾಲನ್ನು ನನ್ನದಾಗಿ ಮಾಡಿಕೊಳ್ಳಲು ಹನ್ನೊಂದು ರೀತಿ ಬರೆದು ನೋಡಿದೆ. ಹನ್ನೊಂದೂ ನಿನ್ನದಕ್ಕಿಂತ ಕೆಟ್ಟದಾಗಿದ್ದವು. ಕೊನೆಗೆ ಹಾಗೇ ಇಳಿಸಿಕೊಂಡೆ. ಹದಿನಾಲ್ಕು ತಿಂಗಳು ನಿನಗೆ ಪತ್ರ ಬರೆಯದೆ ಇದ್ದದ್ದು ಆ ನಾಚಿಕೆಗೆ.

ಬೀರುವಿನ ಮಾತು. ನಿನ್ನ ಆರು ಕಥೆಗಳನ್ನು ರೈಲಿನಲ್ಲೇ ಓದಿದೆ. ಇಳಿಯುವಷ್ಟರಲ್ಲಿ ಮೈಗೆ ಜ್ವರ ಬಂದ ಹಾಗಾಗಿತ್ತು. ನನ್ನ ಮೊದಲ ಪುಸ್ತಕ ಆಗಷ್ಟೇ ಅಚ್ಚಿನಲ್ಲಿತ್ತು. ಇವು ಅದರ ಜೊತೆಗೇ ಬಂದರೆ ನನ್ನನ್ನು ಯಾರು ಕೇಳುತ್ತಾರೆ? ಒಂದು ವರ್ಷ, ಒಂದೇ ವರ್ಷ ತಡೆದರೆ ಸಾಕು ಅಂದುಕೊಂಡೆ. ಮುಂದಿನ ವರ್ಷ ನೀನು ಕೇಳುತ್ತೀಯೆಂದು ಕಾದೆ. ನೀನು ಕೇಳಲಿಲ್ಲ. ನಾನಾಗಿ ಹೇಳಲಿಲ್ಲ. ಆಮೇಲೆ ಹೇಳುವುದು ವರ್ಷ ವರ್ಷಕ್ಕೂ ಕಷ್ಟವಾಯಿತು.

ಊರಿಗೆ ಯಾಕೆ ಬರುವುದಿಲ್ಲವೆಂದು ನೀನು ಎಂದೂ ಕೇಳಿಲ್ಲ. ಒಮ್ಮೆ ಬಂದಿದ್ದೆ. ಹತ್ತು ವರ್ಷದ ಹಿಂದೆ, ನಿನಗೆ ತಿಳಿಸದೆ, ಬೆಳಿಗ್ಗೆ ಬಂದು ಮಧ್ಯಾಹ್ನದ ರೈಲಿಗೆ ಹೊರಟುಹೋದೆ. ಧೂಳು, ನಾಲ್ಕು ಬೀದಿ, ಮುಚ್ಚಿದ ಬಾಗಿಲು. ನಾನು ನೋಡಿದರೆ ಅಷ್ಟೇ. ನಿನ್ನ ಪತ್ರ ತೆಗೆದರೆ ಊರು. ಅವತ್ತಿನಿಂದ ನಿನ್ನ ಪತ್ರ ಬಂದಾಗಲೆಲ್ಲ ಕೈ ಸಂತೋಷದಿಂದ ಲಕೋಟೆ ಒಡೆಯುತ್ತದೆ, ಹೊಟ್ಟೆ ಉರಿಯುತ್ತದೆ. ಉರಿಯುವುದು ನಿನಗೊಬ್ಬಳಿಗೇ ಅಂದುಕೊಂಡಿದ್ದೆಯಾ?

ಹೋದ ವಾರ ಮೇಷ್ಟ್ರಿಗೆ ಪತ್ರ ಬರೆದು ಎಲ್ಲ ಒಪ್ಪಿಕೊಂಡೆ. ಇಸ್ತ್ರಿಯವಳು ನನ್ನ ತಂಗಿಯ ಸೃಷ್ಟಿ, ಅವಳ ಹೆಸರಿಗೂ ಒಂದು ಪುಟ ಕೊಡಿ ಅಂದೆ. ಅವರ ಉತ್ತರ ಇದರ ಜೊತೆಗಿದೆ: 'ನಿಮ್ಮ ಈ ವಿನಯವೇ ನಿಮ್ಮನ್ನು ದೊಡ್ಡವರನ್ನಾಗಿ ಮಾಡಿದೆ. ಆದರೆ ತಾಯಿ, ಆ ಹೆಂಗಸನ್ನು ನಾನೇ ಕಂಡಿದ್ದೇನಲ್ಲ! ತಂಗಿಯ ಮೇಲಿನ ಪ್ರೀತಿಗೆ ಸತ್ಯವನ್ನು ಬಿಡಬಾರದು.'

ಈಗ ಏನು ಮಾಡಲಿ? ನಿಜ ಹೇಳಿದರೂ ಹೊಗಳಿಕೆ ನನಗೇ ಬರುತ್ತಿದೆ. ಮೂರು ಪುಟದಲ್ಲಿ ನಿನಗೆ ಬೇಕಾದ್ದು ಬರೆ. ಕಳ್ಳಿ ಅಂತ ಬೇಕಾದರೂ ಬರೆ. ನಾನು ಚಕಾರ ಎತ್ತುವುದಿಲ್ಲ.

ಅಕ್ಕ


೨೨ ಸೆಪ್ಟೆಂಬರ್ ೧೯೯೭

ಅಕ್ಕ,

ಮೇಷ್ಟ್ರ ಉತ್ತರ ಓದಿ ಕುರ್ಚಿಯಿಂದ ಬೀಳುವಷ್ಟು ನಕ್ಕೆ. ಓದುವ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಲೈಬ್ರರಿಯನ್ ತಾನೇ ಸದ್ದು ಮಾಡಿದರೆ ಶ್ ಅನ್ನುವವರು ಯಾರು? ಆಮೇಲೆ ಪುಸ್ತಕಗಳ ಹಿಂದೆ ಹೋಗಿ ಸ್ವಲ್ಪ ಹೊತ್ತು ಅತ್ತೆ. ಇಪ್ಪತ್ತು ವರ್ಷ ಅಕ್ಕ. ಅದನ್ನು ಮಾತ್ರ ಕ್ಷಮಿಸಿಲ್ಲ. ಕ್ಷಮಿಸಿದರೆ ಬರೆದು ತಿಳಿಸುತ್ತೇನೆ. ಕಾಯುತ್ತಿರು, ಕಾಯುವುದು ಹೇಗಿರುತ್ತದೆ ನಿನಗೂ ತಿಳಿಯಲಿ.

ಭಾನುವಾರ ಬೀರು ತೆಗೆದೆ. ಕಾಗದದ ಅಂಚನ್ನು ಹುಳ ತಿಂದಿದೆ, ಅಕ್ಷರಕ್ಕೆ ಬಾಯಿ ಹಾಕಿಲ್ಲ. ಆರನ್ನೂ ಓದಿದೆ. ಎರಡು ಕೆಟ್ಟವು, ಮೂರು ಪರವಾಗಿಲ್ಲ. ಒಂದು ನಿನ್ನ ಯಾವ ಕಥೆಗಿಂತಲೂ ಚೆನ್ನಾಗಿದೆ. ನಿನಗೆ ಜ್ವರ ಬಂದದ್ದು ಯಾವುದಕ್ಕೆಂದು ನನಗೆ ಗೊತ್ತಾಯಿತು.

ಲೇಖಕರ ಪುಸ್ತಕ ಇವತ್ತು ಅಚ್ಚಿಗೆ ಹೋಯಿತು. ಹನ್ನೊಂದೇ ಜನ. ನಿಯಮ ನಿಯಮವೇ, ನನ್ನದು ಇನ್ನೂ ಅಚ್ಚಾಗಿಲ್ಲ. ನಿನ್ನ ಮೂರು ಪುಟದಲ್ಲಿ ನಿನ್ನನ್ನು ಕಳ್ಳಿ ಅನ್ನಲಿಲ್ಲ. ಕಳ್ಳಿ ಅಂದರೆ ಊರಿನವರು ನನಗೆ ಹೊಟ್ಟೆಕಿಚ್ಚು ಅನ್ನುತ್ತಾರೆ. ನಿಜವೇ, ಆದರೆ ಅವರ ಬಾಯಲ್ಲಿ ಕೇಳಲು ಇಷ್ಟವಿಲ್ಲ. ಒಂದೇ ಒಂದು ಸಾಲು ತಿದ್ದಿದೆ. 'ಅವರ ಮೊದಲ ಕಥೆ ಹುಟ್ಟಿದ್ದು ಕಿಟಕಿ ಪಕ್ಕದ ಮೇಜಿನ ಮೇಲೆ' ಅಂತ ಇದ್ದುದನ್ನು, 'ಕಿಟಕಿ ಪಕ್ಕದ, ತಂಗಿಯ ಮೇಜಿನ ಮೇಲೆ' ಮಾಡಿದೆ. ಮೇಷ್ಟ್ರು ನೋಡಿ, "ಇದು ಬೇಕೇನಮ್ಮ?" ಅಂದರು. "ಬೇಕು ಸರ್" ಅಂದೆ.

ಈಗ ನಾನು ಆ ಮೇಜಿನ ಮೇಲೇ ಬರೆಯುತ್ತಿದ್ದೇನೆ. ಹೊಸದು. ಇಸ್ತ್ರಿಯವಳು ಒಂದು ಬುಧವಾರ ನಿಲ್ದಾಣಕ್ಕೆ ಹೋದವಳು ಹಿಂತಿರುಗಿ ಬರುವುದಿಲ್ಲ. ಹಸಿರು ಕೋಟು ತೊಟ್ಟುಕೊಂಡೇ ರೈಲು ಹತ್ತಿ ದೂರದ ದೊಡ್ಡ ಊರೊಂದಕ್ಕೆ ಬಂದು ಇಳಿಯುತ್ತಾಳೆ. ಅಲ್ಲಿ ಒಂದು ಬೀದಿಗೆ ತಿರುಗಿಸಿ ನಿಲ್ಲಿಸಿದ್ದೇನೆ. ನಾನು ಆ ಊರು ಕಂಡವಳಲ್ಲ.

ಹಾಗಾಗಿ ನಿನಗೆ ಕೆಲಸ. ನಿನ್ನ ಮನೆಯ ಬೀದಿಯಲ್ಲಿ ಯಾವ ಯಾವ ಅಂಗಡಿಗಳಿವೆ? ಬಾಗಿಲುಗಳ ಬಣ್ಣ ಏನು? ನಿನ್ನ ಮಹಡಿಗೆ ಎಷ್ಟು ಮೆಟ್ಟಿಲು? ಸಂಜೆ ಐದಕ್ಕೆ ಬಿಸಿಲು ಯಾವ ಗೋಡೆಯ ಮೇಲೆ ಬೀಳುತ್ತದೆ? ಒಂಟಿಯಾಗಿ ಬಂದ ಹೆಂಗಸನ್ನು ಕಂಡರೆ ಅಲ್ಲಿನವರು ಏನನ್ನುತ್ತಾರೆ, ನಿನ್ನನ್ನು ಕಂಡಾಗ ಏನಂದರು? ಎಲ್ಲ ಬರೆ. ಸುಳ್ಳು ಸೇರಿಸಬೇಡ, ನಿನಗೆ ಅದು ಬರುವುದಿಲ್ಲ.

ಫೋನು ಬೇಡ, ಬರೆದೇ ಕಳಿಸು. ನಿನಗೇನು, ಕಿಟಕಿ ತೆಗೆದರೆ ಸಾಕು.

ತಂಗಿ